ಎತ್ತಿಗೂ ಒಂದು ದಿನ: ಕ್ರೈಸ್ತರ ಸಬ್ಬತ್ ಆಚರಣೆಯ ಅರ್ಥ

ಸಬ್ಬತ್ ಎಂಬ ಹೀಬ್ರೂ ಮೂಲದ ಶಬ್ದವನ್ನು ವಿವರಿಸಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಉಳ್ಳಾರ್ತಿ ಕಾವಲ್‌ನಿಂದ ಹೊರಡುವುದು ಮೊದಲಿಗೆ ವಿಚಿತ್ರವೆನಿಸಬಹುದು. ಅದು ಮಳೆ ಕಡಿಮೆಯ, ಹುಲ್ಲು ಹೆಚ್ಚಿನ ಬಯಲು. ಮೈಸೂರು ಅರಸರ ಕಾಲದಿಂದ ಅಮೃತ ಮಹಲ್ ದನಗಳ ಮೇವಿಗಾಗಿ ಮೀಸಲಾದ ಕಾವಲುಗಳಲ್ಲಿ ಒಂದು. ಆದರೆ ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ವಿಶ್ರಾಂತಿಯ ಕುರಿತಾದ ಆಜ್ಞೆ ಮನುಷ್ಯನೊಬ್ಬನನ್ನೇ ಉದ್ದೇಶಿಸಿ ಹೇಳಿದ್ದಲ್ಲ. ಅದರಲ್ಲಿ ಎತ್ತಿಗೂ ಪಾಲಿದೆ. ಎತ್ತಿನ ಬಿಡುವು ಎಂದರೆ ಏನೆಂದು ಈ ಸೀಮೆಯ ಜನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಕರ್ನಾಟಕದ ಅನೇಕ ಗ್ರಾಮಗಳಲ್ಲಿ ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬುದು ಹಳೆಯ ಕಟ್ಟಳೆ. ಹದ ತಪ್ಪುತ್ತಿದ್ದರೂ ಸರಿಯೇ, ಸೋಮವಾರ ಬೇಸಾಯ ಹೂಡುತ್ತಿರಲಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಮ್ಯಾಸಬೇಡ ಸಮುದಾಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ದೇವರ ಎತ್ತು'ಗಳನ್ನು ಸಾಕುತ್ತಾರೆ. ಕಿಲಾರಿಗಳ ಪಾಲನೆಯಲ್ಲಿರುವ ಈ ಎತ್ತುಗಳನ್ನು ಎಂದಿಗೂ ಉಳುಮೆಗೆ ಹೂಡುವುದಿಲ್ಲ. ಇವು ಯಾವುವೂ ಸಬ್ಬತ್ ಅಲ್ಲ. ದೇವರ ಎತ್ತು ದೇವರಿಗೆ ಬಿಟ್ಟದ್ದು, ಆದ್ದರಿಂದ ಅದಕ್ಕೆ ದುಡಿಮೆಯೇ ಇಲ್ಲ. ಸೋಮವಾರದ ಕಟ್ಟಳೆಯಲ್ಲಿ ಎತ್ತು ಮಲಗಿದ್ದರೂ ರೈತ ಕಳೆ ಕೀಳಬಹುದು, ಬದು ಹಾಕಬಹುದು. ಸಬ್ಬತ್‌ನ ವಿಶೇಷವೆಂದರೆ ಅದು ಯಜಮಾನ, ಆಳು, ಎತ್ತು ಮೂವರನ್ನೂ ಒಂದೇ ದಿನ, ಒಂದೇ ಆಜ್ಞೆಯಿಂದ ನಿಲ್ಲಿಸುತ್ತದೆ.

ಎರಡು ಗ್ರಂಥ, ಎರಡು ಕಾರಣ

ಸಬ್ಬತ್ ಎಂಬುದರ ಧಾತುವಿಗೆ 'ನಿಲ್ಲಿಸು', 'ಬಿಡು' ಎಂಬ ಅರ್ಥವಿದೆ. ಇಂದು ಬಳಕೆಯಲ್ಲಿರುವ ಕನ್ನಡ ಬೈಬಲ್ಲಿನಲ್ಲಿಯೂ ಈ ಶಬ್ದ ಭಾಷಾಂತರಗೊಳ್ಳದೆ ಹಾಗೆಯೇ ಉಳಿದಿದೆ. ಮೊಳಕಾಲ್ಮೂರಿನ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಹಾಗೂ ಅವರ ಸಂಗಡಿಗರ ಶ್ರಮದಿಂದ 1831ರಲ್ಲಿ ಪೂರ್ಣ ಬೈಬಲ್ ಕನ್ನಡದಲ್ಲಿ ಮುದ್ರಣಗೊಂಡಿತು. ಹೀಗಾಗಿ ಎತ್ತಿಗೆ ಬಿಡುವು ಕೊಡಬೇಕೆಂಬ ಆ ಆಜ್ಞೆ ಕನ್ನಡದ ಓದುಗರಿಗೆ ಸುಮಾರು ಎರಡು ಶತಮಾನಗಳಿಂದ ಲಭ್ಯವಿದೆ.

ಹತ್ತು ಆಜ್ಞೆಗಳ ಪಟ್ಟಿ ಬೈಬಲ್ಲಿನಲ್ಲಿ ಎರಡು ಕಡೆ ಬರುತ್ತದೆ. ಸಬ್ಬತ್ ಆಜ್ಞೆ ಪ್ರಾಟೆಸ್ಟಂಟರಲ್ಲಿ ಹೆಚ್ಚಿನವರ ಎಣಿಕೆಯಲ್ಲಿ ನಾಲ್ಕನೆಯದು, ಕಥೋಲಿಕರ ಹಾಗೂ ಲೂಥರನರ ಎಣಿಕೆಯಲ್ಲಿ ಮೂರನೆಯದು. ಎಣಿಕೆಯ ಭೇದಕ್ಕಿಂತ ಎರಡು ಪಾಠಗಳ ನಡುವಿನ ಭೇದ ಮುಖ್ಯವಾದುದು. ವಿಮೋಚನಕಾಂಡದ 20ನೆಯ ಅಧ್ಯಾಯ ಕೊಡುವ ಕಾರಣ ಸೃಷ್ಟಿಯದು: ದೇವರು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದನು, ಆದ್ದರಿಂದ ನೀವೂ ವಿಶ್ರಮಿಸಬೇಕು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಕಾರಣವೇ ಬೇರೆ. ಇಸ್ರಾಯೇಲ್ಯರು ಐಗುಪ್ತ ದೇಶದಲ್ಲಿ ಗುಲಾಮರಾಗಿದ್ದುದನ್ನು ಮರೆಯಬಾರದು, ತಮ್ಮಂತೆಯೇ ತಮ್ಮ ಆಳುಗಳೂ ವಿಶ್ರಮಿಸಬೇಕು ಎಂದು ಅಲ್ಲಿ ಹೇಳಲಾಗಿದೆ. ಮೊದಲ ಪಾಠದಲ್ಲಿ 'ಪಶು' ಎಂದಷ್ಟೇ ಇದ್ದರೆ ಎರಡನೆಯದರಲ್ಲಿ ಎತ್ತು ಮತ್ತು ಕತ್ತೆ ಎಂದು ಬಿಡಿಸಿ ಹೇಳಿದೆ. ಮಗ, ಮಗಳು, ಗಂಡಾಳು, ಹೆಣ್ಣಾಳು, ಊರಿನಲ್ಲಿರುವ ಪರದೇಶಿ ಹೀಗೆ ಪಟ್ಟಿ ಸಾಗುತ್ತದೆ.

ಅಂದರೆ ಸಬ್ಬತ್ ಆಚರಿಸುವವನು ತಾನು ಕೆಲಸ ಬಿಟ್ಟರೆ ಸಾಲದು, ತನಗಾಗಿ ದುಡಿಯುವವರನ್ನೂ ಬಿಡಬೇಕು. ಸ್ವಂತ ಹೊಲ, ಸ್ವಂತ ಅಂಗಡಿ ಉಳ್ಳವನು ಯಾವಾಗ ಬೇಕಾದರೂ ವಿಶ್ರಮಿಸಬಲ್ಲನು. ಆಳಿಗೂ ಎತ್ತಿಗೂ ಮಾತ್ರ ಬೇರೊಬ್ಬನ ಅನುಮತಿ ಬೇಕು. ಆ ಅನುಮತಿಯನ್ನು ಯಜಮಾನನ ದಯೆಗೆ ಬಿಡದೆ ದೇವರ ಆಜ್ಞೆಯನ್ನಾಗಿ ಮಾಡಿದ್ದೇ ಈ ಕಟ್ಟಳೆಯ ತಿರುಳು.

ಇದರೊಂದಿಗೆ ಓದಬೇಕಾದ ಇನ್ನೊಂದು ಪ್ರಸಂಗ ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿದೆ. ಅರಣ್ಯದಲ್ಲಿ ಅಲೆಯುತ್ತಿದ್ದ ಇಸ್ರಾಯೇಲ್ಯರಿಗೆ ಪ್ರತಿದಿನ ಬೆಳಿಗ್ಗೆ 'ಮನ್ನ' ಎಂಬ ಆಹಾರ ದೊರೆಯುತ್ತಿತ್ತು. ಆ ದಿನದ್ದನ್ನು ಆ ದಿನವೇ ತಿನ್ನಬೇಕು, ಕೂಡಿಟ್ಟರೆ ಹುಳು ಬೀಳುತ್ತಿತ್ತು. ಆರನೆಯ ದಿನ ಮಾತ್ರ ಎರಡು ದಿನಗಳಿಗೆ ಸಾಕಾಗುವಷ್ಟು ದೊರೆಯುತ್ತಿತ್ತು, ಅದು ಕೆಡುತ್ತಲೂ ಇರಲಿಲ್ಲ. ಈ ಕಥೆಯನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ಇದು ಸಂಬಳಸಹಿತ ರಜೆ. ಕೂಲಿ ಮಾಡಿದ ದಿನಕ್ಕಷ್ಟೇ ಹಣ ಪಡೆಯುವವನಿಗೆ ರಜೆ ಎಂದರೆ ಒಲೆ ಉರಿಯದ ದಿನ. ವಿಶ್ರಾಂತಿಯ ಆಜ್ಞೆಗೂ ಮೊದಲೇ ಆ ದಿನದ ರೊಟ್ಟಿಯ ಏರ್ಪಾಟನ್ನು ಗ್ರಂಥ ಹೇಳಿರುವುದು ಗಮನಾರ್ಹ.

ಯೇಸು ಮುರಿದದ್ದೇನು, ಉಳಿಸಿದ್ದೇನು

ಯೆಹೂದ್ಯರ ಪಾಲಿಗೆ ಸಬ್ಬತ್ ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ನಕ್ಷತ್ರ ಮೂಡುವವರೆಗೆ. ಆದಿಕಾಂಡದ ಸೃಷ್ಟಿಕಥೆಯಲ್ಲಿ ಮೊದಲು ಸಂಜೆ, ಆಮೇಲೆ ಬೆಳಗು ಬರುವುದರಿಂದ ಅವರ ದಿನ ಸಂಜೆಗೆ ಆರಂಭವಾಗುತ್ತದೆ. ಯಾವುದು 'ಕೆಲಸ' ಎಂಬ ಪ್ರಶ್ನೆಗೆ ಉತ್ತರವಾಗಿ ಧರ್ಮಪಂಡಿತರು ಉಳುಮೆ, ಬಿತ್ತನೆ, ಕೊಯ್ಲು, ನೇಯ್ಗೆ, ಬೆಂಕಿ ಹೊತ್ತಿಸುವುದು ಮೊದಲಾಗಿ 39 ಬಗೆಯ ಕೆಲಸಗಳನ್ನು ಗುರುತಿಸಿದರು. ಇದನ್ನು ಕೇವಲ ಕಟ್ಟುನಿಟ್ಟು ಎಂದು ತಳ್ಳಿಹಾಕುವುದು ಸರಿಯಲ್ಲ. ಪ್ರಾಣಾಪಾಯವಿದ್ದಲ್ಲಿ ಸಬ್ಬತ್ ನಿಯಮವನ್ನು ಮೀರಲೇಬೇಕೆಂದು ಅದೇ ಪರಂಪರೆ ಹೇಳುತ್ತದೆ.

ಯೇಸುಕ್ರಿಸ್ತರು ಹುಟ್ಟಿ ಬೆಳೆದದ್ದು ಇದೇ ಪರಂಪರೆಯಲ್ಲಿ. ಸಬ್ಬತ್ ದಿನ ಸಭಾಮಂದಿರಕ್ಕೆ ಹೋಗುವುದು ಅವರ ವಾಡಿಕೆಯಾಗಿತ್ತೆಂದು ಲೂಕನ ಸುವಾರ್ತೆ ಹೇಳುತ್ತದೆ. ಹಸಿದ ಶಿಷ್ಯರು ಪೈರಿನ ತೆನೆಗಳನ್ನು ಕಿತ್ತು ತಿಂದಾಗ ಫರಿಸಾಯರು ಆಕ್ಷೇಪಿಸಿದರು. ಮನುಷ್ಯನಿಗಾಗಿ ಸಬ್ಬತ್ ಉಂಟಾಯಿತೇ ಹೊರತು ಸಬ್ಬತ್ತಿಗಾಗಿ ಮನುಷ್ಯ ಉಂಟಾಗಲಿಲ್ಲವೆಂಬ ಯೇಸುವಿನ ಉತ್ತರ ಮಾರ್ಕನ ಸುವಾರ್ತೆಯಲ್ಲಿದೆ. ಇದಕ್ಕೆ ಬಹು ಹತ್ತಿರದ ಮಾತು ಯೆಹೂದ್ಯ ಪಂಡಿತರ ವ್ಯಾಖ್ಯಾನಗಳಲ್ಲಿಯೂ ಕಾಣಸಿಗುತ್ತದೆ. ಆದುದರಿಂದ ವಿವಾದವಿದ್ದದ್ದು ಸಬ್ಬತ್ ಬೇಕೇ ಬೇಡವೇ ಎಂಬುದರ ಬಗ್ಗೆ ಅಲ್ಲ, ಅದು ಯಾರಿಗಾಗಿ ಎಂಬುದರ ಬಗ್ಗೆ.

ಈ ವಿವಾದದ ಅತ್ಯಂತ ಸ್ಪಷ್ಟವಾದ ಚಿತ್ರ ಲೂಕನ 13ನೆಯ ಅಧ್ಯಾಯದಲ್ಲಿದೆ. ಅಲ್ಲಿ ಎತ್ತು ಮತ್ತೆ ಬರುತ್ತದೆ. ಹದಿನೆಂಟು ವರ್ಷಗಳಿಂದ ಬೆನ್ನು ಬಾಗಿ ನೆಟ್ಟಗೆ ನಿಲ್ಲಲಾರದ ಸ್ತ್ರೀಯೊಬ್ಬಳನ್ನು ಯೇಸು ಸಬ್ಬತ್ ದಿನ ಸಭಾಮಂದಿರದಲ್ಲಿ ಗುಣಪಡಿಸುತ್ತಾರೆ. ಕೆಲಸಕ್ಕೆ ಆರು ದಿನಗಳಿವೆಯಲ್ಲ, ಆಗ ಬಂದು ವಾಸಿ ಮಾಡಿಸಿಕೊಳ್ಳಲಿ ಎಂದು ಸಭಾಮಂದಿರದ ಅಧಿಕಾರಿ ಸಿಡುಕುತ್ತಾನೆ. ನೀವೆಲ್ಲರೂ ಸಬ್ಬತ್ ದಿನ ನಿಮ್ಮ ಎತ್ತನ್ನೋ ಕತ್ತೆಯನ್ನೋ ಗೋದಲಿಯಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ, ಹಾಗಿದ್ದರೆ ಈಕೆಯನ್ನು ಕಟ್ಟಿನಿಂದ ಬಿಡಿಸಬಾರದೇ ಎಂದು ಯೇಸು ಕೇಳುತ್ತಾರೆ. ಗ್ರೀಕ್ ಮೂಲದಲ್ಲಿ ಎತ್ತನ್ನು ಬಿಚ್ಚುವುದಕ್ಕೂ ಸ್ತ್ರೀಯನ್ನು ಬಿಡಿಸುವುದಕ್ಕೂ ಒಂದೇ ಕ್ರಿಯಾಪದ ಬಳಕೆಯಾಗಿದೆ. ಕೊಟ್ಟಿಗೆಯಲ್ಲಿ ದನ ಕಟ್ಟಿದ ಯಾರಿಗಾದರೂ ಈ ವಾದ ಒಡನೆಯೇ ಹೊಳೆಯುತ್ತದೆ. ರಜೆಯೆಂದು ಹೇಳಿ ಬಾಯಾರಿದ ಎತ್ತನ್ನು ಗೂಟದಲ್ಲಿಯೇ ಬಿಟ್ಟರೆ ಅದು ವಿಶ್ರಾಂತಿಯಲ್ಲ, ಶಿಕ್ಷೆ.

ಶನಿವಾರದಿಂದ ಭಾನುವಾರಕ್ಕೆ

ಹಾಗಾದರೆ ಬಹುಪಾಲು ಕ್ರೈಸ್ತರು ಏಳನೆಯ ದಿನವನ್ನು ಬಿಟ್ಟು ಮೊದಲನೆಯ ದಿನವನ್ನು ಏಕೆ ಆಚರಿಸುತ್ತಾರೆ? ಸುವಾರ್ತೆಗಳ ಪ್ರಕಾರ ಯೇಸು ಪುನರುತ್ಥಾನ ಹೊಂದಿದ್ದು ವಾರದ ಮೊದಲ ದಿನ. ಆ ದಿನ ರೊಟ್ಟಿ ಮುರಿಯಲು ಶಿಷ್ಯರು ಕೂಡಿದ್ದನ್ನು ಅಪೊಸ್ತಲರ ಕೃತ್ಯಗಳು ಎಂಬ ಭಾಗದಲ್ಲಿ ಓದಬಹುದು. ಸುಮಾರು ಕ್ರಿ.ಶ. 150ರ ಹೊತ್ತಿಗೆ ರೋಮಿನಲ್ಲಿದ್ದ ಜಸ್ಟಿನ್ ಎಂಬ ಲೇಖಕ, ಕ್ರೈಸ್ತರು ಸೂರ್ಯನ ದಿನ ಒಂದೆಡೆ ಸೇರುತ್ತಾರೆಂದು ದಾಖಲಿಸಿದ್ದಾನೆ. ಕನ್ನಡದ ಆದಿತ್ಯವಾರ, ಭಾನುವಾರ, ರವಿವಾರಗಳ ಅರ್ಥವೂ ಅದೇ.

ಆ ಕಾಲದಲ್ಲಿ ಭಾನುವಾರ ಆರಾಧನೆಯ ದಿನವಾಗಿತ್ತೇ ವಿನಾ ರಜಾದಿನವಾಗಿರಲಿಲ್ಲ. ರಜೆಯಾದದ್ದು ಕ್ರಿ.ಶ. 321ರಲ್ಲಿ, ಚಕ್ರವರ್ತಿ ಕಾನ್‌ಸ್ಟಂಟೈನ್‌ನ ಶಾಸನದಿಂದ. ನಗರವಾಸಿಗಳು, ನ್ಯಾಯಾಧೀಶರು, ಕುಶಲಕರ್ಮಿಗಳು ಸೂರ್ಯನ ದಿನ ವಿಶ್ರಮಿಸಬೇಕೆಂದು ಅದು ವಿಧಿಸಿತು. ಆದರೆ ಹದ ತಪ್ಪಿದರೆ ಬಿತ್ತನೆ ಕೆಡುತ್ತದೆಂಬ ಕಾರಣ ನೀಡಿ ಗ್ರಾಮಗಳ ಬೇಸಾಯಗಾರರಿಗೆ ಕೆಲಸ ಮಾಡಲು ಅವಕಾಶ ಕೊಟ್ಟಿತು. ಮೋಶೆಯ ಆಜ್ಞೆಯಲ್ಲಿ ಹೆಸರು ಹಿಡಿದು ಕರೆಯಲ್ಪಟ್ಟಿದ್ದ ಎತ್ತು, ಜಗತ್ತಿನ ಮೊದಲ ಭಾನುವಾರದ ಕಾನೂನಿನಲ್ಲಿ ಮತ್ತೆ ನೊಗಕ್ಕೆ ಹೋಯಿತು.

ಭಾನುವಾರವೇ 'ಕ್ರೈಸ್ತ ಸಬ್ಬತ್' ಎಂದು ಹೇಳಿದವರು ಮುಖ್ಯವಾಗಿ ಇಂಗ್ಲೆಂಡ್ ಹಾಗೂ ಸ್ಕಾಟ್ಲೆಂಡಿನ ಪ್ಯೂರಿಟನ್ ಪರಂಪರೆಯವರು. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಇದನ್ನು ಸ್ಪಷ್ಟವಾಗಿ ಪ್ರತಿಪಾದಿಸಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಿಕ್ ಲಿಡೆಲ್ ಎಂಬ ಸ್ಕಾಟಿಷ್ ಓಟಗಾರ 100 ಮೀಟರ್ ಓಟದ ಅರ್ಹತಾ ಸುತ್ತು ಭಾನುವಾರ ಬಂದ ಕಾರಣ ಸ್ಪರ್ಧೆಯಿಂದ ಹಿಂದೆ ಸರಿದು, ಬೇರೆ ದಿನ ನಡೆದ 400 ಮೀಟರ್ ಓಟದಲ್ಲಿ ಚಿನ್ನ ಗೆದ್ದದ್ದು ಈ ನಿಷ್ಠೆಯ ಪ್ರಸಿದ್ಧ ಉದಾಹರಣೆ. ಮಾರ್ಟಿನ್ ಲೂಥರ್ ಮೊದಲಾದ ಸುಧಾರಕರ ನಿಲುವು ಬೇರೆಯಾಗಿತ್ತು. ದಿನ ಯಾವುದೆಂಬುದು ಮುಖ್ಯವಲ್ಲ, ದೇವರ ವಾಕ್ಯ ಕೇಳಲು ಹಾಗೂ ಆಳುಗಳು ದಣಿವಾರಿಸಿಕೊಳ್ಳಲು ಒಂದು ದಿನವಿರಬೇಕೆಂದು ಅವರು ಭಾವಿಸಿದರು. ದಿನಗಳ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬಾರದೆಂಬ ಪೌಲನ ಪತ್ರಗಳ ಮಾತು ಅವರಿಗೆ ಆಧಾರವಾಗಿತ್ತು. ಇಥಿಯೋಪಿಯದ ಪ್ರಾಚೀನ ಸಭೆ ಶನಿವಾರ, ಭಾನುವಾರ ಎರಡನ್ನೂ ಗೌರವಿಸುತ್ತದೆ.

ಆಜ್ಞೆಯಲ್ಲಿ ಏಳನೆಯ ದಿನ ಎಂದಿರುವಾಗ ಅದನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ ಎನ್ನುವವರೂ ಇದ್ದಾರೆ. ಅಮೆರಿಕದಲ್ಲಿ 1863ರಲ್ಲಿ ಸಂಘಟಿತವಾದ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಇವರಲ್ಲಿ ಪ್ರಮುಖವಾದುದು. ದಕ್ಷಿಣ ಏಷ್ಯಾ ಭಾಗದ ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿದೆ. ಬೆಂಗಳೂರಿನ ಲೌರಿ ಮೆಮೋರಿಯಲ್ ಶಿಕ್ಷಣ ಸಂಸ್ಥೆಯೂ ಇದೇ ಸಭೆಯದು. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ ಈ ಸಭೆಯವರು ಉದ್ಯೋಗ, ವ್ಯಾಪಾರಗಳಿಂದ ದೂರವಿರುತ್ತಾರೆ. ಇದಕ್ಕೆ ಬೆಲೆ ತೆರಬೇಕಾಗಿ ಬಂದದ್ದೂ ಉಂಟು. ಅಮೆರಿಕದ ಸೌತ್ ಕೆರೊಲಿನಾದ ಬಟ್ಟೆ ಗಿರಣಿಯೊಂದರ ಕಾರ್ಮಿಕಳಾಗಿದ್ದ ಅಡೆಲ್ ಶರ್ಬರ್ಟ್ ಶನಿವಾರ ದುಡಿಯಲು ಒಪ್ಪದೆ ಕೆಲಸ ಕಳೆದುಕೊಂಡರು. ಅವರಿಗೆ ನಿರುದ್ಯೋಗ ಭತ್ಯೆ ನಿರಾಕರಿಸಿದ್ದು ತಪ್ಪೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ತೀರ್ಪಿತ್ತಿತು. ಭಾನುವಾರ ದುಡಿಯಲೊಪ್ಪದ ಅಂಚೆ ನೌಕರನೊಬ್ಬನ ಪ್ರಕರಣ 2023ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದಾಗ, ನೌಕರರ ಧಾರ್ಮಿಕ ಆಚರಣೆಗೆ ಅವಕಾಶ ಮಾಡಿಕೊಡಲು ನಿರಾಕರಿಸುವ ಸಂಸ್ಥೆ ಅದರಿಂದಾಗುವ ಗಣನೀಯ ಹೊರೆಯನ್ನು ತೋರಿಸಬೇಕೆಂದು ಅದು ಹೇಳಿತು.

ಕರಾವಳಿಯ ಕ್ರೈಸ್ತರಿಗೆ ಈ ತೊಡಕು ಇನ್ನೊಂದು ರೂಪದಲ್ಲಿ ಪರಿಚಿತ. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿಗೆ ಅಲ್ಲಿ ಶುಕ್ರವಾರ ರಜೆ, ಭಾನುವಾರ ಕೆಲಸ. ಕುವೈತ್, ಕತಾರ್‌ಗಳ ಚರ್ಚುಗಳಲ್ಲಿ ಭಾನುವಾರದ ಬಲಿಪೂಜೆಯನ್ನು ಶುಕ್ರವಾರವೇ ಅರ್ಪಿಸುವ ಏರ್ಪಾಟು ಇದರಿಂದ ಬೆಳೆಯಿತು. ಸಂಯುಕ್ತ ಅರಬ್ ಸಂಸ್ಥಾನ 2022ರ ಜನವರಿಯಲ್ಲಿ ವಾರಾಂತ್ಯವನ್ನು ಶನಿವಾರ, ಭಾನುವಾರಗಳಿಗೆ ಬದಲಿಸಿದಾಗ ಅಲ್ಲಿನ ಕ್ರೈಸ್ತರಿಗೆ ತಮ್ಮ ಭಾನುವಾರ ಮರಳಿ ದೊರೆಯಿತು.

ಭಾನುವಾರ ಯಾರದು?

ಭಾರತದಲ್ಲಿ ಭಾನುವಾರದ ರಜೆಯನ್ನು ಇಂಗ್ಲಿಷರು ತಮ್ಮ ಧರ್ಮಕ್ಕಾಗಿ ತಂದರೆಂಬ ಮಾತು ಸಾಮಾನ್ಯ. ಅದು ಅರ್ಧ ಸತ್ಯ. ಕಚೇರಿಗಳಿಗೆ ರಜೆ ಬಂದದ್ದು ಹಾಗೆ. ಗಿರಣಿಯ ಕಾರ್ಮಿಕನಿಗೆ ಅದು ತಾನಾಗಿ ದೊರೆಯಲಿಲ್ಲ. ಜ್ಯೋತಿಬಾ ಫುಲೆಯವರ ಅನುಯಾಯಿ ನಾರಾಯಣ ಮೇಘಾಜಿ ಲೋಖಂಡೆ ಮುಂಬಯಿಯ ಗಿರಣಿ ಕಾರ್ಮಿಕರನ್ನು ಸಂಘಟಿಸಿ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರಲ್ಲಿ ಅಲ್ಲಿನ ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಲೋಖಂಡೆಯವರು ಭಾನುವಾರವನ್ನು ಕೇಳಿದ್ದು ಅದು ಖಂಡೋಬನ ವಾರವೆಂದು. ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗ. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನವನ್ನು ರಜೆಯಾಗಿಸಿತು. ಅಂದು ದುಡಿಸಿಕೊಂಡರೆ ಮೂರು ದಿನಗಳ ಒಳಗೆ ಬದಲಿ ರಜೆ ಕೊಡಬೇಕೆಂದೂ ವಿಧಿಸಿತು.

ಕರ್ನಾಟಕ ಸರ್ಕಾರ 2021ರ ಜನವರಿಯಲ್ಲಿ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಮುಂಗಟ್ಟುಗಳು ವರ್ಷದ ಎಲ್ಲ ದಿನ, ದಿನದ 24 ಗಂಟೆ ತೆರೆದಿರಲು ಅನುಮತಿ ನೀಡಿತು. ಪ್ರತಿಯೊಬ್ಬ ನೌಕರನಿಗೂ ಸರದಿಯಂತೆ ವಾರದ ರಜೆ ಕೊಡಬೇಕೆಂಬ ಷರತ್ತು ಅದರಲ್ಲಿತ್ತು. ಕಾನೂನಿನ ಲೆಕ್ಕದಲ್ಲಿ ಯಾರ ವಿಶ್ರಾಂತಿಯೂ ಕಡಿಮೆಯಾಗಲಿಲ್ಲ. ಆದರೆ ಗಂಡನಿಗೆ ಮಂಗಳವಾರ, ಹೆಂಡತಿಗೆ ಗುರುವಾರ, ಮಕ್ಕಳಿಗೆ ಭಾನುವಾರ ಬಿಡುವು ದೊರೆತರೆ ಮನೆಯವರು ಒಟ್ಟಿಗೆ ಕೂರುವುದು ಯಾವಾಗ? ಪೋಪ್ ಎರಡನೆಯ ಜಾನ್ ಪಾಲ್ 1998ರಲ್ಲಿ 'ಡಿಯೆಸ್ ದೊಮಿನಿ' ಎಂಬ ಪತ್ರದಲ್ಲಿ ಈ ಅಂಶವನ್ನೇ ಎತ್ತಿದ್ದರು. ಭಾನುವಾರ ಕೇವಲ ವಾರಾಂತ್ಯವಾಗಿ, ಸುತ್ತಾಟದ ದಿನವಾಗಿ ಕರಗಿಹೋಗುತ್ತಿದೆ ಎಂಬುದು ಅವರ ಕಳವಳವಾಗಿತ್ತು. ಸಬ್ಬತ್ ಬಿಡಿ ಬಿಡಿಯಾದ ರಜೆಯಲ್ಲ, ಊರಿಗೆ ಊರೇ ಒಟ್ಟಿಗೆ ನಿಲ್ಲುವ ದಿನ.

ಇಲ್ಲಿ ವಿಶ್ವಾಸಿಗಳು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೆ. ಬೆಳಿಗ್ಗೆ ದೇವಾರಾಧನೆ ಮುಗಿಸಿ ಮಧ್ಯಾಹ್ನ ಹೋಟೆಲಿಗೆ ಹೋದರೆ ಅಲ್ಲಿ ಬಡಿಸುವವನ ಸಬ್ಬತ್ ಯಾವುದು? ಮನೆಯಲ್ಲಿಯೇ ಭಾನುವಾರದ ವಿಶೇಷ ಊಟವಾದರೆ ಒಲೆಯ ಮುಂದೆ ಇರುವವರು ಯಾರು? ಆಜ್ಞೆಯ ಪಟ್ಟಿಯಲ್ಲಿ ಮಗ, ಮಗಳು, ಆಳು, ಎತ್ತು, ಪರದೇಶಿ ಎಲ್ಲರೂ ಬರುತ್ತಾರೆ, ಹೆಂಡತಿಯ ಹೆಸರಿಲ್ಲ. 'ನೀನು' ಎಂಬುದರಲ್ಲಿಯೇ ಆಕೆಯೂ ಸೇರಿದ್ದಾಳೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಯೆಹೂದ್ಯರ ಮನೆಗಳಲ್ಲಿ ಅಡುಗೆಯನ್ನು ಶುಕ್ರವಾರ ಸಂಜೆಯೊಳಗೆ ಮುಗಿಸುವುದರಿಂದ ಆ ವ್ಯಾಖ್ಯಾನಕ್ಕೆ ಬಲವಿದೆ. ನಮ್ಮ ಕಡೆಯ ಅಡುಗೆಮನೆಗಳಲ್ಲಿ ಅದಕ್ಕೆ ಅಷ್ಟು ಬಲ ಬಂದಂತೆ ತೋರುವುದಿಲ್ಲ. ಆಸ್ಪತ್ರೆ, ಪೊಲೀಸ್, ವಿದ್ಯುತ್, ಸಾರಿಗೆಯಂತಹ ಸೇವೆಗಳನ್ನು ನಿಲ್ಲಿಸಲಾಗದು ಎಂಬುದನ್ನು ಎಲ್ಲ ಸಭೆಗಳೂ ಒಪ್ಪುತ್ತವೆ. ಅಗತ್ಯಕ್ಕೂ ಅನುಕೂಲಕ್ಕೂ ನಡುವಣ ಗೆರೆ ಎಲ್ಲಿದೆ ಎಂಬುದೇ ಕಷ್ಟದ ಪ್ರಶ್ನೆ.

ನೆಲಕ್ಕೂ ಸಬ್ಬತ್

ಎತ್ತು, ಆಳುಗಳ ಬಳಿಕ ಯಾಜಕಕಾಂಡದ 25ನೆಯ ಅಧ್ಯಾಯ ನೆಲಕ್ಕೇ ಸಬ್ಬತ್ ವಿಧಿಸುತ್ತದೆ. ಆರು ವರ್ಷ ಬಿತ್ತಿ ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು. ತಾನಾಗಿ ಬೆಳೆದದ್ದು ಬಡವರಿಗೆ ಸೇರಬೇಕು, ಅವರು ಬಿಟ್ಟದ್ದು ಕಾಡುಮೃಗಗಳಿಗೆ ಎಂದು ವಿಮೋಚನಕಾಂಡ ಹೇಳುತ್ತದೆ. ಏಳು ಏಳುಗಳ ನಂತರದ 50ನೆಯ ವರ್ಷ ಜುಬಿಲಿ ವರ್ಷ. ಆಗ ಮಾರಿದ ಹೊಲ ಮೂಲ ಕುಟುಂಬಕ್ಕೆ ಮರಳಬೇಕು, ಜೀತದವರು ಬಿಡುಗಡೆಯಾಗಬೇಕು. ಕ್ರೈಸ್ತ ಸಭೆಗಳು ಭೂಮಿಯ ಈ ನಿಯಮವನ್ನು ಅಕ್ಷರಶಃ ಆಚರಿಸಲಿಲ್ಲ. ಕಥೋಲಿಕ ಸಭೆ 25 ವರ್ಷಗಳಿಗೊಮ್ಮೆ ಆಚರಿಸುವ ಜುಬಿಲಿಯಲ್ಲಿ (ಇತ್ತೀಚಿನದು 2025ರದು) ಅದರ ಹೆಸರು ಮಾತ್ರ ಉಳಿಯಿತು.

ಉಳ್ಳಾರ್ತಿಯಂತಹ ಕಾವಲುಗಳ ವ್ಯವಸ್ಥೆಗೆ ಬೈಬಲ್ಲಿನ ಸಂಬಂಧವಿಲ್ಲ. ಅದು 'ಬೆಣ್ಣೆ ಚಾವಡಿ' ಎಂದು ಒಡೆಯರ ಕಾಲದಲ್ಲಿ ಆರಂಭವಾಗಿ ಟಿಪ್ಪು ಸುಲ್ತಾನನ ಕಾಲದಲ್ಲಿ 'ಅಮೃತ ಮಹಲ್' ಎಂಬ ಹೆಸರು ಪಡೆದ ಸರ್ಕಾರಿ ಇಲಾಖೆ. ಆದರೂ ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದುದರಿಂದ ಹುಲ್ಲಿಗೆ ಚಿಗುರಲು ಬಿಡುವು ದೊರೆಯುತ್ತಿತ್ತು. ನೇಗಿಲು ಕಾಣದ ಆ ನೆಲವನ್ನು ಖಾಲಿ ಬಿದ್ದ ಜಾಗವೆಂದು ಕಾಣುವವರಿಗೆ ಅದರ ಬಿಡುವೇ ಅದರ ಕೆಲಸವೆಂಬುದು ತಿಳಿಯುವುದು ಕಷ್ಟ. ಚಳ್ಳಕೆರೆ ತಾಲ್ಲೂಕಿನ ಕಾವಲುಗಳ 8,000ಕ್ಕೂ ಹೆಚ್ಚು ಎಕರೆಯನ್ನು 2000ರ ದಶಕದ ಕೊನೆಯ ಭಾಗದಿಂದ ರಕ್ಷಣಾ, ಪರಮಾಣು, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ನೀಡಲಾಯಿತು. ಮೇವಿನ ನೆಲ ಕಳೆದುಕೊಂಡ ಹಳ್ಳಿಗಳ ಅಳಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ಕ್ಷೇತ್ರ 2017ರ ಮೇ ತಿಂಗಳಲ್ಲಿ ಉದ್ಘಾಟನೆಗೊಂಡಿತು.

ಹೊಲಗಳಲ್ಲಿ ಟ್ರ್ಯಾಕ್ಟರ್ ಹೆಚ್ಚಿದಂತೆ ಸೋಮವಾರದ ಕಟ್ಟಳೆಯೂ ಸಡಿಲಗೊಳ್ಳುತ್ತಿದೆ. ಟ್ರ್ಯಾಕ್ಟರಿಗೆ ದಣಿವಿಲ್ಲವಾದ್ದರಿಂದ ಅದಕ್ಕೆ ಬಸವಣ್ಣನ ವಾರವೂ ಇಲ್ಲ. ಅದನ್ನು ಓಡಿಸುವವನಿಗೆ ಮಾತ್ರ ದಣಿವಿದೆ. ಇತ್ತ ಇಸ್ರೇಲಿನಲ್ಲಿ ಯಾಜಕಕಾಂಡದ ನಿಯಮವನ್ನು ಪಾಲಿಸುವ ರೈತರು 2021–22ರಲ್ಲಿ ತಮ್ಮ ಹೊಲಗಳನ್ನು ಬೀಳು ಬಿಟ್ಟಿದ್ದರು. ಅವರ ಪಂಚಾಂಗದಂತೆ ಮುಂದಿನ ಏಳನೆಯ ವರ್ಷ 2028ರ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ.